ಮಸಾಲೆ ಬಿಡು, ಮೊದಲು ತುಂಡು ನೋಡು

ತಮ್ಮಾ, ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ವಿದೇಶಕ್ಕೆ ಬಂದು ಏಳು ವಾರ ಆಗಿದೆ. ಕೆಲಸಕ್ಕೆ ಒಗ್ಗಿಕೊಂಡಿದ್ದೀಯ, ಬಸ್ಸು ರೈಲು ಗೊತ್ತಾಗಿದೆ. ಆದರೆ ರಾತ್ರಿ ಊಟ ಮಾತ್ರ ಬ್ರೆಡ್ಡು, ಮೊಟ್ಟೆ, ಮತ್ತೆ ಬ್ರೆಡ್ಡು. ಎರಡು ಸಲ ಚಿಕನ್ ಮಾಡಿದ್ದೀಯ. ಒಂದು ಸಲ ಹೊರಗೆ ಕಪ್ಪು, ಒಳಗೆ ಹಸಿ. ಇನ್ನೊಂದು ಸಲ ರಬ್ಬರು. "ಅಕ್ಕಾ, ಕೆಲಸ ಮುಗಿಸಿ ಬಂದು ಸುಲಭವಾಗಿ ಮಾಡ್ಕೊಳ್ಳೋ, ತಿಂದ್ರೆ ಮನೇಲಿದ್ದೀನಿ ಅನ್ನಿಸೋ ಅಡುಗೆ ಯಾವುದಾದ್ರೂ ಹೇಳಿ" ಅಂತ ಕೇಳಿದ್ದೀಯ.

ಅಕ್ಕಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಬಂದು 19 ವರ್ಷ ಆಯಿತು. ಮೊದಲ ವರ್ಷ ಇಡೀ ಅಮ್ಮನ ಕೈರುಚಿಯ ಹಿಂದೆ ಬಿದ್ದಿದ್ದೆ. ಫೋನಿನಲ್ಲಿ ಅಳತೆ ಕೇಳಿದರೆ ಅವರು "ಕಣ್ಣಂದಾಜಲ್ಲಿ ಹಾಕೇ" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಆಗ ಅಂದಾಜು ಎಂಬುದೇ ಇರಲಿಲ್ಲ. ದಿನಾ ಮಸಾಲೆ ಬದಲಾಯಿಸುತ್ತಿದ್ದೆ, ಚಿಕನ್ ಮಾತ್ರ ದಿನಾ ಒಣಗುತ್ತಿತ್ತು. ತಪ್ಪು ಮಸಾಲೆಯದ್ದಲ್ಲ, ನಾನು ತರುತ್ತಿದ್ದ ತುಂಡಿನದ್ದು ಅಂತ ಗೊತ್ತಾಗೋಕೆ ಬಹಳ ದಿನ ಹಿಡಿಯಿತು.

ನೀನೂ ಎದೆ ಮಾಂಸವನ್ನೇ ತಂದಿದ್ದೀಯ ಅಂತ ಪಂದ್ಯ ಕಟ್ಟುತ್ತೇನೆ. ಹೊಸಬರೆಲ್ಲ ಅದನ್ನೇ ತರುತ್ತಾರೆ. ಮೂಳೆ ಇಲ್ಲ, ಚರ್ಮ ಇಲ್ಲ, ನೋಡೋಕೆ ಚೊಕ್ಕ. ಆದರೆ ಅದರಲ್ಲಿ ಕೊಬ್ಬು ಕಡಿಮೆ. ಐದು ನಿಮಿಷ ಜಾಸ್ತಿ ಆದರೆ ನೀರೆಲ್ಲ ಹೋಗಿ ನಾರು ನಾರಾಗುತ್ತದೆ. ಮೇಲಾಗಿ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ದಪ್ಪ ತುದಿ ಬೇಯುವ ಹೊತ್ತಿಗೆ ತೆಳು ತುದಿ ಚಪ್ಪಲಿ. ಮೂಳೆ, ಚರ್ಮ ಎರಡೂ ಇರುವ ತೊಡೆ ತುಂಡು ತಾ. ತೊಡೆ ದುಡಿಯುವ ಮಾಂಸ. ಅದರಲ್ಲಿ ಕೊಬ್ಬೂ ಇದೆ, ಕೊಲಾಜನ್ ಎಂಬ ಅಂಟಿನ ಪದಾರ್ಥವೂ ಇದೆ. ಬಿಸಿ ತಾಗುತ್ತಾ ಹೋದ ಹಾಗೆ ಆ ಅಂಟು ಕರಗಿ ಮಾಂಸವನ್ನು ಒದ್ದೆಯಾಗಿ ಇಡುತ್ತದೆ. ನೀನು ಫೋನ್ ಮಾತಾಡುತ್ತಾ ಹತ್ತು ನಿಮಿಷ ಮರೆತರೂ ತೊಡೆ ಕ್ಷಮಿಸುತ್ತದೆ. ಎದೆ ಕ್ಷಮಿಸುವುದಿಲ್ಲ.

ಈಗ ನಾನು ವಾರಕ್ಕೊಮ್ಮೆಯಾದರೂ ಮಾಡುವ ಅಡುಗೆ ಹೇಳುತ್ತೇನೆ, ಗಮನ ಇಟ್ಟು ಓದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಕೆಜಿ ತೊಡೆ ತುಂಡಿಗೆ ಸುಮಾರು 10 ಗ್ರಾಂ ಉಪ್ಪು ಸವರಿ, ತಟ್ಟೆಯಲ್ಲಿ ಹರಡಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡು. ಕೆಳಗೇ ಇಡಬೇಕು, ಹಸಿ ಮಾಂಸದ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು. ಸಂಜೆ ಬಂದಾಗ ಉಪ್ಪು ಒಳಗೆ ಇಳಿದಿರುತ್ತದೆ, ಚರ್ಮ ಒಣಗಿರುತ್ತದೆ. ಓವನ್ ಹಚ್ಚಿ 200 ಡಿಗ್ರಿ ಸೆಲ್ಸಿಯಸ್‌ಗೆ ಬಿಡು. ಅದು ಕಾಯುವಷ್ಟರಲ್ಲಿ ಎರಡು ಆಲೂಗಡ್ಡೆ, ಎರಡು ಈರುಳ್ಳಿ, ಒಂದು ಕ್ಯಾರೆಟ್ ದಪ್ಪ ದಪ್ಪ ಹೆಚ್ಚು. ಒಂದು ಬೆಳ್ಳುಳ್ಳಿ ಗೆಡ್ಡೆಯ ಎಸಳು ಬಿಡಿಸು, ಸಿಪ್ಪೆ ಸುಲಿಯಬೇಡ. ಎಲ್ಲಕ್ಕೂ ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ ಟ್ರೇಯಲ್ಲಿ ಹರಡು. ಮೇಲೆ ಚಿಕನ್ ತುಂಡುಗಳು, ಚರ್ಮ ಮೇಲ್ಮುಖ. ಒಂದರ ಮೇಲೊಂದು ಹತ್ತಬಾರದು. 40 ನಿಮಿಷ. ಅಷ್ಟರಲ್ಲಿ ಸ್ನಾನ ಮಾಡು, ಬಟ್ಟೆ ಮಡಿಚು.

ಅರ್ಧ ಹೊತ್ತು ಕಳೆದ ಮೇಲೆ ಚರ್ಮದ ಕೊಬ್ಬು ಕರಗಿ ಕೆಳಗಿನ ಆಲೂಗಡ್ಡೆಗೆ ಇಳಿಯುತ್ತದೆ. ಚಟಪಟ ಸದ್ದು ಕೇಳಿಸುತ್ತದೆ. ಕೊನೆಯಲ್ಲಿ ಚರ್ಮ ಹಪ್ಪಳದ ಹಾಗೆ ಗರಿಗರಿ, ಬೆಳ್ಳುಳ್ಳಿ ಸಿಪ್ಪೆಯೊಳಗೇ ಬೆಣ್ಣೆ. ಅದನ್ನು ಹಿಂಡಿ ಆಲೂಗಡ್ಡೆಗೆ ಸವರಿಕೊಂಡು ತಿನ್ನು. ಟ್ರೇ ತಳದಲ್ಲಿ ಉಳಿದ ರಸವನ್ನು ಯಾವ ಕಾರಣಕ್ಕೂ ಚೆಲ್ಲಬೇಡ, ಅನ್ನಕ್ಕೆ ಕಲಸಿಕೋ. ತೊಳೆಯೋಕೆ ಒಂದೇ ಟ್ರೇ. ವಾರದ ಮಧ್ಯದಲ್ಲಿ ಇದೇ ದೊಡ್ಡ ಸುಖ.

ಓವನ್ ವಿಷಯದಲ್ಲಿ ನಾನು ಪಟ್ಟ ಪಾಡು ಹೇಳಬೇಕು. ಮೊದಲ ಮನೆಯ ಓವನ್ನಿಗೆ 180 ಎಂದು ತಿರುಗಿಸಿ, ಒಂದೂವರೆ ಗಂಟೆ ಕಾದೆ. ತೆಗೆದು ನೋಡಿದರೆ ಕೋಳಿ ಬೆಳ್ಳಗೆ, ಬೆವರಿದ ಹಾಗೆ ಕೂತಿತ್ತು. ಆ ಗುಂಡಿಯಲ್ಲಿದ್ದದ್ದು ಫ್ಯಾರನ್‌ಹೀಟ್! 180 ಫ್ಯಾರನ್‌ಹೀಟ್ ಅಂದರೆ ಬರೀ 82 ಸೆಲ್ಸಿಯಸ್. ಮನೆಗೆ ಕರೆದಿದ್ದ ಇಬ್ಬರಿಗೆ ಆವತ್ತು ಆಮ್ಲೆಟ್ ಹಾಕಿಕೊಟ್ಟೆ. ನಿನ್ನ ಗುಂಡಿ ಯಾವುದು ಅಂತ ಇವತ್ತೇ ನೋಡಿಕೋ. 200 ಸೆಲ್ಸಿಯಸ್ ಅಂದರೆ ಹೆಚ್ಚುಕಡಿಮೆ 400 ಫ್ಯಾರನ್‌ಹೀಟ್. ಒಳಗೆ ಫ್ಯಾನ್ ತಿರುಗುವ ಓವನ್ ಆದರೆ 20 ಡಿಗ್ರಿ ಕಡಿಮೆ ಇಡು.

ನಿನ್ನ ಇನ್ನೊಂದು ಪ್ರಶ್ನೆ, ಬೆಂದಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಣ್ಣ ನಂಬಬೇಡ. ಮೂಳೆ ಪಕ್ಕ ಕೆಂಪಗಿದ್ದರೂ ಬೆಂದಿರಬಹುದು, ಖೀಮಾ ಕಂದು ಬಣ್ಣಕ್ಕೆ ತಿರುಗಿದ್ದರೂ ಒಳಗೆ ಸಾಕಷ್ಟು ಬೇಯದೇ ಇರಬಹುದು. ಅಡುಗೆಗೆ ಬಳಸುವ ಒಂದು ಥರ್ಮಾಮೀಟರ್ ತೆಗೆದುಕೋ. ಹೊಸ ಮನೆಗೆ ಕೊಳ್ಳುವ ಮೊದಲ ನಾಲ್ಕು ವಸ್ತುಗಳಲ್ಲಿ ಅದೂ ಒಂದು ಅನ್ನುತ್ತೇನೆ ನಾನು. ದಪ್ಪ ಜಾಗಕ್ಕೆ ಚುಚ್ಚು, ಮೂಳೆಗೆ ತಾಗಿಸಬೇಡ. ಕೋಳಿಗೆ 74 ಡಿಗ್ರಿ ಸೆಲ್ಸಿಯಸ್, ಕುರಿ ಹಂದಿ ದನದ ಖೀಮಾಕ್ಕೆ 71. ಇವೇ ಮಾಂಸಗಳ ಇಡೀ ತುಂಡಿಗೆ 63 ಸಾಕು, ತೆಗೆದ ಮೇಲೆ ಮೂರು ನಿಮಿಷ ಸುಮ್ನೆ ಬಿಡಬೇಕು. ಕೋಳಿಯ ತೊಡೆ ಮಾತ್ರ 80 ದಾಟಿದರೇ ರುಚಿ. ಮತ್ತೆ, ಹಸಿ ಚಿಕನ್ನನ್ನು ನಲ್ಲಿ ಕೆಳಗೆ ತೊಳೆಯುವ ಅಭ್ಯಾಸ ಇದ್ದರೆ ಬಿಡು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ನೀರಿನ ಹನಿಯ ಜೊತೆ ಸಿಂಕು, ಕಟ್ಟೆ, ಪಕ್ಕದ ಸೊಪ್ಪಿನವರೆಗೂ ಹಾರುತ್ತದೆ. ಬಿಸಿಯೇ ಅದನ್ನು ಕೊಲ್ಲುವುದು, ನೀರಲ್ಲ. ನನಗೂ ಈ ಅಭ್ಯಾಸ ಬಿಡೋಕೆ ಮನಸ್ಸು ಒಪ್ಪಿರಲಿಲ್ಲ. ಈಗ ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ, ಸೋಪು ಹಾಕಿ ಕೈ ತೊಳೆಯುತ್ತೇನೆ, ಅಷ್ಟೇ.

ಸರಿ, ಮೈ ಹುಷಾರಿಲ್ಲ, ಅಥವಾ ಸುಮ್ನೆ ಮನಸ್ಸು ಸರಿ ಇಲ್ಲ ಅನ್ನುವ ದಿನ ಏನು ಮಾಡೋದು? ಕೋಳಿ ಗಂಜಿ. ಒಂದು ಇಡೀ ಕೋಳಿ, ಇಲ್ಲವೇ ಐದಾರು ಕಾಲು, ಮುಳುಗುವಷ್ಟು ತಣ್ಣೀರು, ಶುಂಠಿ, ಒಂದು ಈರುಳ್ಳಿ, ಉಪ್ಪು. ಕುದಿ ಬರುವಾಗ ಮೇಲೆ ನೊರೆ ಏಳುತ್ತದೆ, ಸೌಟಿನಲ್ಲಿ ತೆಗೆದು ಚೆಲ್ಲು. ಆಮೇಲೆ ಉರಿ ಇಳಿಸು. ಕೊತಕೊತ ಅನ್ನಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು. ಜೋರಾಗಿ ಕುದಿಸಿದರೆ ಸಾರು ಕಲಕಿಹೋಗುತ್ತದೆ, ಮಾಂಸ ಬಿಗಿಯುತ್ತದೆ. ಕಾಲಿಗೆ ಮುಕ್ಕಾಲು ಗಂಟೆ, ಇಡೀ ಕೋಳಿಗೆ ಒಂದು ಗಂಟೆ ದಾಟುತ್ತದೆ. ತುಂಡು ಎತ್ತಿಟ್ಟುಕೊಂಡು ಒಂದು ಲೋಟ ತೊಳೆದ ಅಕ್ಕಿಯನ್ನು ಎಂಟು ಲೋಟ ಸಾರಿಗೆ ಹಾಕಿ, ಆಗಾಗ ತಳ ಕೆದಕುತ್ತಾ ಮೆತ್ತಗೆ ಬೇಯಿಸು. ಕೊನೆಗೆ ಮಾಂಸ ಬಿಡಿಸಿ ಹಾಕು. ಮೇಲೆ ನಿಂಬೆ ಹಿಂಡಿ ಬಟ್ಟಲು ಕೈಯಲ್ಲಿ ಹಿಡಿದು ಸೋಫಾದಲ್ಲಿ ಕೂತುಕೋ. ಊಟದ ಮೇಜು ಬೇಡ ಆವತ್ತು.

ಉಳಿದ ಮೂಳೆ ಎಸೆಯಬೇಡ. ಇನ್ನೊಂದೆರಡು ಗಂಟೆ ಕುದಿಸಿದರೆ ಇನ್ನೊಂದು ಸುತ್ತು ಸಾರು ಸಿಗುತ್ತದೆ. ಫ್ರಿಜ್ಜಿನಲ್ಲಿಟ್ಟಾಗ ಅದು ಜೆಲ್ಲಿ ಕಟ್ಟಿದರೆ ಕೆಟ್ಟಿತು ಅಂತ ಗಾಬರಿ ಬೀಳಬೇಡ, ನಾನು ಒಂದು ಸಲ ಹಾಗೇ ಅಂದುಕೊಂಡು ಇಡೀ ಪಾತ್ರೆ ಚೆಲ್ಲಿದ್ದೆ. ಅದು ಕರಗಿದ ಕೊಲಾಜನ್. ಒಳ್ಳೆ ಸಾರಿನ ಗುರುತೇ ಅದು.

ಖೀಮಾ ಬಗ್ಗೆ ಜಾಸ್ತಿ ಹೇಳೋದಿಲ್ಲ. 25 ನಿಮಿಷದ ಅಡುಗೆ. ಒಂದೇ ಗುಟ್ಟು: ಅಗಲ ಬಾಣಲೆ ಚೆನ್ನಾಗಿ ಕಾಯಲಿ, ಖೀಮಾವನ್ನು ಹರಡಿ ನಾಲ್ಕು ನಿಮಿಷ ಮುಟ್ಟದೆ ಬಿಡು. ತಳ ಕೆಂಪಾದ ಮೇಲೆ ಮಗುಚು. ಎಲ್ಲ ಒಟ್ಟಿಗೆ ಸುರಿದು ಕಲಕುತ್ತಾ ನಿಂತರೆ ನೀರು ಬಿಟ್ಟು ಬೂದು ಬಣ್ಣಕ್ಕೆ ಬೇಯುತ್ತದೆ. ಆಮೇಲೆ ಈರುಳ್ಳಿ, ಟೊಮೆಟೊ, ಕೈಗೆ ಸಿಕ್ಕ ಬಟಾಣಿ.

ಗಟ್ಟಿ ಮಾಂಸವನ್ನು ರಜಾ ದಿನಕ್ಕೆ ಇಟ್ಟುಕೋ. ಕುರಿಯ ಭುಜ, ಹಂದಿಯ ಭುಜ, ದನದ ಕಾಲಿನ ಮಾಂಸ, ಇವು ಬೇಗ ಬೇಯುವ ಜಾತಿಯವಲ್ಲ. ಇವನ್ನು ಸೀದಾ ಬಾಣಲೆಯಲ್ಲಿ ಹುರಿದರೆ ಅಗಿದೂ ಅಗಿದೂ ದವಡೆ ನೋಯುತ್ತದೆ. ಮೊದಲು ಸುತ್ತ ಕೆಂಪಗೆ ಹುರಿದು, ಈರುಳ್ಳಿ ಬಾಡಿಸಿ, ಅರ್ಧ ಮುಳುಗುವಷ್ಟು ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂವರೆ, ಮೂರು ಗಂಟೆ ಬಿಡು. ಒಂದೂವರೆ ಗಂಟೆಗೆ ಚುಚ್ಚಿ ನೋಡಿ "ಅಯ್ಯೋ, ಇನ್ನೂ ಗಟ್ಟಿ" ಅಂತ ಒಲೆ ಆರಿಸಬೇಡ. ಎಲ್ಲರೂ ಅಲ್ಲೇ ಸೋಲುತ್ತಾರೆ. ಅಂಟು ಕರಗುವ ಹೊತ್ತು ಶುರುವಾಗಿರುವುದೇ ಆಗ. ಫೋರ್ಕ್ ಹಾಕಿ ತಿರುಗಿಸಿದರೆ ತಾನಾಗಿ ಬಿಟ್ಟುಕೊಳ್ಳಬೇಕು. ಕುಕ್ಕರ್ ಇದ್ದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಮನೆಯೆಲ್ಲ ಮೂರು ಗಂಟೆ ಘಮ್ಮೆನ್ನುವ ಸುಖ ಸಿಗುವುದಿಲ್ಲ. ಒಬ್ಬನೇ ಇರುವ ಮನೆಗೆ ಆ ವಾಸನೆ ಬೇಕು ಕಣೋ.

ಹುರಿಯುವಾಗ ಕಿಟಕಿ ತೆಗೆದಿಡು, ಮಲಗುವ ಕೋಣೆ ಬಾಗಿಲು ಹಾಕು. ಹೊಗೆ ಅಲಾರಂ ಕೂಗಿದರೆ ಟವೆಲ್ ಬೀಸು, ಬ್ಯಾಟರಿ ಕೀಳಬೇಡ.

ಮಾಡುವಾಗ ಎರಡು ಪಾಲು ಮಾಡು. ಉಳಿದಿದ್ದನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸು. ಮೂರ್ನಾಲ್ಕು ದಿನದೊಳಗೆ ತಿಂದು ಮುಗಿಸು, ಆಗದಿದ್ದರೆ ಫ್ರೀಜರಿಗೆ. ಡಬ್ಬಿ ಮೇಲೆ ಹೆಸರು, ತಾರೀಖು ಬರೆ. ಒಂದು ತಿಂಗಳಾದ ಮೇಲೆ ಎಲ್ಲ ಡಬ್ಬಿಯೂ ಒಂದೇ ಥರದ ಕಂದು ಕಲ್ಲು. ನಾನು ಒಮ್ಮೆ ಹಂದಿ ಮಾಂಸ ಅಂತ ಬಿಸಿ ಮಾಡಿದ್ದು ಹುರುಳಿಕಾಯಿ ಪಲ್ಯ ಆಗಿತ್ತು.

ಕೊನೆಯಲ್ಲಿ ಕೇಳಿದ್ದೀಯ, ಫ್ರೀಜರಿನಿಂದ ತೆಗೆದ ಚಿಕನ್ನನ್ನು ಸಂಜೆವರೆಗೆ ಅಡುಗೆ ಕಟ್ಟೆ ಮೇಲೆ ಇಟ್ಟು ಹೋಗಬಹುದಾ ಅಂತ. ಬೇಡ. ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸು. ಮರೆತಿದ್ದರೆ ಬಂದ ತಕ್ಷಣ ಕವರ್ ಬಿಗಿಯಾಗಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸು. ಅರ್ಧ ಕೆಜಿಗೆ ಸುಮಾರು ಒಂದು ಗಂಟೆ ಸಾಕು. ಅಷ್ಟೂ ತಾಳ್ಮೆ ಇಲ್ಲದ ದಿನ ಬ್ರೆಡ್ಡು ಮೊಟ್ಟೆ ತಿನ್ನು, ಯಾರೂ ಬೈಯೋದಿಲ್ಲ.

ಈ ಶನಿವಾರ ಟ್ರೇ ಚಿಕನ್ ಮಾಡಿ ಫೋಟೋ ಕಳಿಸು. ಕಪ್ಪಾಗಿದ್ದರೂ ಕಳಿಸು, ಎಲ್ಲಿ ತಪ್ಪಿತು ಅಂತ ನೋಡಿ ಹೇಳುತ್ತೇನೆ.