ಹೈಸ್ಕೂಲು ಮಕ್ಕಳಿಗೆ ದುಡಿಮೆಯ ರೂಢಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಜನ ಹೋಂವರ್ಕ್ ಮಾಡಿಕೊಂಡು ಬರುವುದಿಲ್ಲ. ಮಾಡಿದವರಲ್ಲಿಯೂ ಹೆಚ್ಚಿನವರು ಗೈಡ್ ನೋಡಿ ಇಳಿಸಿಕೊಂಡಿರುತ್ತಾರೆ. ಕೇಳಿದರೆ ‘ನೋಟ್‌ಬುಕ್ ಮನ್ಯಾಗ ಅದಾವ್ರೀ ಟೀಚರ್’ ಎಂಬ ಒಂದೇ ಉತ್ತರ. ಬೈದು ನೋಡಿದೆ, ಪಾಲಕರನ್ನು ಕರೆಸಿದೆ, ಜೂನ್‌ನಲ್ಲಿಯೇ ಹನ್ನೆರಡು ನಿಯಮಗಳನ್ನು ಚಾರ್ಟ್ ಮೇಲೆ ಬರೆಸಿ ಗೋಡೆಗೆ ಹಚ್ಚಿದೆ. ಇವರಿಗೆ ಶ್ರದ್ಧೆಯೇ ಇಲ್ಲವೆಂದು ಕೈಬಿಡಬೇಕೆ, ಬೇರೆ ದಾರಿ ಇದೆಯೆ?

ಉತ್ತರ: ಶ್ರದ್ಧೆಯೇ ಇಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ದೀಪಾವಳಿ ಕಳೆದು ನಿಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾದಾಗ, ಇದೇ ಮಕ್ಕಳಲ್ಲಿ ಹಲವರು ರಜೆಯ ದಿನ ಅವ್ವನ ಜೊತೆ ಹೊಲಕ್ಕೆ ಹೋಗಿ ಹೊತ್ತು ಮುಳುಗುವವರೆಗೆ ಬಗ್ಗಿದ ಸೊಂಟ ಎತ್ತದೆ ಸಾಲು ಮುಗಿಸುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ತನ್ನ ಸಾಲು ಯಾವುದು, ಎಲ್ಲಿಗೆ ಮುಗಿಯುತ್ತದೆ ಎಂಬುದು ಹುಡುಗಿಗೆ ಗೊತ್ತಿರುತ್ತದೆ; ಕಸ ಸೇರದಂತೆ ಕಾಯಿಯಿಂದ ಹತ್ತಿ ಬಿಡಿಸುವುದು ಹೇಗೆಂದು ಪಕ್ಕದ ಸಾಲಿನ ಹಿರಿಯಳು ಮಾಡಿ ತೋರಿಸಿರುತ್ತಾಳೆ; ಸಂಜೆ ಬಿಡಿಸಿದ್ದನ್ನು ತೂಗಿ, ಎಷ್ಟು ಕಿಲೋ ಆಯಿತೆಂದು ಎಲ್ಲರೆದುರು ಹೇಳಿ, ಅದರ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಕೆಲಸದ ಅಳತೆ, ಮಾಡುವ ಬಗೆ, ಸಂಜೆಯ ತೂಕ ಈ ಮೂರೂ ಇದ್ದಲ್ಲಿ ಅವಳು ದುಡಿಯುತ್ತಾಳೆ. ನಮ್ಮ ತರಗತಿಗಳಲ್ಲಿ ಇಲ್ಲದಿರುವುದು ಈ ಮೂರೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ನಿಮ್ಮ ಹನ್ನೆರಡು ನಿಯಮಗಳ ಚಾರ್ಟನ್ನು ಇಳಿಸಿಬಿಡಿ. ‘ಶಿಸ್ತಿನಿಂದ ಇರಬೇಕು’, ‘ಕಷ್ಟಪಟ್ಟು ಓದಬೇಕು’ ಎಂಬಂಥ ಮಾತು ಕೇಳಿದ ಹುಡುಗ ಮರುಗಳಿಗೆ ಏನು ಮಾಡಬೇಕೆಂದು ತಿಳಿಯದೆ ಕೂರುತ್ತಾನೆ. ಅದರ ಬದಲು, ಮಾಡಿದರೋ ಇಲ್ಲವೋ ಎಂದು ಕಣ್ಣಿಗೆ ಕಾಣುವ ಎರಡೋ ಮೂರೋ ನಿರೀಕ್ಷೆಗಳು ಸಾಕು: ಗಂಟೆ ಬಾರಿಸಿದ ಕೂಡಲೇ ನೋಟ್‌ಬುಕ್ ತೆರೆದು ಹಲಗೆಯ ಮೇಲಿನ ಲೆಕ್ಕ ಶುರು ಮಾಡುವುದು, ಗೊತ್ತಾಗದಿದ್ದರೆ ಗೊತ್ತಾದ ಹಂತದವರೆಗೆ ಬರೆದು ಅಲ್ಲಿ ಗುರುತು ಹಾಕುವುದು, ಬರೆದ ಯಾವುದೇ ಹಂತವನ್ನು ಕೇಳಿದಾಗ ಬಾಯಲ್ಲಿ ಹೇಳುವುದು. ಇವನ್ನು ಒಂದು ದಿನ ಹೇಳಿ ಬಿಟ್ಟರೆ ಆಗದು. ಮೊದಲ ಎರಡು ವಾರ ಪಾಠದಷ್ಟೇ ಗಂಭೀರವಾಗಿ ಮಕ್ಕಳಿಂದ ರೂಢಿ ಮಾಡಿಸಬೇಕು. ಆ ಎರಡು ವಾರದಲ್ಲಿ ಸಿಲೆಬಸ್ ಹಿಂದೆ ಬಿದ್ದೀತು ಎಂಬ ಅಂಜಿಕೆ ಸಹಜವಾದರೂ, ಪ್ರತಿ ಪೀರಿಯಡ್‌ನ ಮೊದಲ ಹತ್ತು ನಿಮಿಷ ಗದ್ದಲ ಅಡಗಿಸುವುದರಲ್ಲಿಯೇ ಕಳೆಯುವ ತರಗತಿ ವರ್ಷದ ಕೊನೆಗೆ ಅದಕ್ಕಿಂತ ಬಹಳ ಹಿಂದೆ ಬೀಳುತ್ತದೆ.

ನಿಮ್ಮದೇ ವಿಷಯದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಹುಗಳು 13, 14 ಮತ್ತು 15 ಸೆಂ.ಮೀ. ಇರುವ ತ್ರಿಭುಜದ ವಿಸ್ತೀರ್ಣವನ್ನು ಹೆರಾನನ ಸೂತ್ರದಿಂದ ಕಂಡುಹಿಡಿಯಬೇಕೆಂದು ಲೆಕ್ಕ ಕೊಟ್ಟಿರಿ ಎನ್ನಿ. ಗೈಡ್ ನೋಡಿ ಇಳಿಸಿಕೊಂಡ ಹುಡುಗನ ನೋಟ್‌ಬುಕ್ಕಿನಲ್ಲಿ 84 ಚದರ ಸೆಂ.ಮೀ. ಎಂಬ ಸರಿಯುತ್ತರ ಅಂದವಾಗಿ ಅಡಿಗೆರೆ ಸಮೇತ ಇರುತ್ತದೆ. ಅವನನ್ನು ಗದರಬೇಡಿ, ಪಕ್ಕ ಕೂತು ‘ಈ 21 ಎಲ್ಲಿಂದ ಬಂತು?’ ಎಂದು ಮಾತ್ರ ಕೇಳಿ. ಮೂರು ಬಾಹುಗಳನ್ನು ಕೂಡಿದರೆ 42, ಅದರ ಅರ್ಧ 21, ಅದೇ ಅರ್ಧ ಸುತ್ತಳತೆ ಎಂದು ಹೇಳಬಲ್ಲವನಾದರೆ ಅವನು ಗೈಡ್ ನೋಡಿದ್ದರೂ ಚಿಂತೆಯಿಲ್ಲ, ಕಲಿತಿದ್ದಾನೆ. ಹೇಳಲಾರದವನಾದರೆ ಅದೇ ಲೆಕ್ಕವನ್ನು ಬೇರೆ ಅಳತೆ ಕೊಟ್ಟು ನಿಮ್ಮೆದುರೇ ಮಾಡಿಸಿ. ಇನ್ನೊಬ್ಬಳು 21 ಮತ್ತು ಅದರಿಂದ ಒಂದೊಂದು ಬಾಹು ಕಳೆದಾಗ ಬರುವ 8, 7, 6 ಇವುಗಳ ಗುಣಲಬ್ಧದವರೆಗೆ ಸರಿಯಾಗಿ ಬಂದು 7056ರ ವರ್ಗಮೂಲ ತೆಗೆಯಲಾಗದೆ ನಿಂತಿದ್ದರೆ, ಉತ್ತರ ಬರದ ಆ ಹಾಳೆಗೆ ಇಳಿಸಿಕೊಂಡ ಹಾಳೆಗಿಂತ ಹೆಚ್ಚಿನ ಬೆಲೆ ಇದೆಯೆಂದು ತರಗತಿಯೆದುರು ಹೇಳಿ. ಹೀಗೆ ಕೆಲವು ವಾರ ನಡೆದರೆ ಇಳಿಸಿಕೊಂಡು ಬರುವುದರಿಂದ ಯಾವ ಲಾಭವೂ ಇಲ್ಲವೆಂದು ಮಕ್ಕಳಿಗೆ ಮನದಟ್ಟಾಗುತ್ತದೆ.

ಇದೆಲ್ಲ ಸಾಧ್ಯವಾಗಬೇಕಾದರೆ ದಿನಕ್ಕೆ ಎಂಟು ಲೆಕ್ಕ ಕೊಡುವ ಪದ್ಧತಿ ಬಿಡಬೇಕು. ಎರಡೇ ಕೊಡಿ, ಕೊಟ್ಟ ಎರಡನ್ನೂ ಮರುದಿನ ನೋಡಿ. ಎಲ್ಲ ನೋಟ್‌ಬುಕ್‌ಗಳಿಗೂ ಕೆಂಪು ಶಾಯಿಯ ಸಹಿ ಹಾಕುವುದಕ್ಕಿಂತ, ಯಾರ ಸರದಿಯೆಂದು ಮೊದಲೇ ತಿಳಿಸದೆ ನಾಲ್ಕೈದು ಮಕ್ಕಳನ್ನು ಹಲಗೆಗೆ ಕರೆದು ಒಂದೊಂದು ಹಂತ ಹೇಳಿಸುವುದು ಹೆಚ್ಚು ಪರಿಣಾಮಕಾರಿ. ಮಾಡದೆ ಬಂದವರು ಅಂದೇ ಶಾಲೆಯಲ್ಲಿ, ಊಟದ ಹೊತ್ತನ್ನೂ ಆಟದ ಹೊತ್ತನ್ನೂ ಕಸಿಯದೆ, ಮುಗಿಸಿ ಹೋಗಲಿ. ಅದನ್ನು ಶಿಕ್ಷೆಯೆಂದು ಕರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿದರೂ, ಒಂಬತ್ತಕ್ಕೆ ಕಾಲಿಟ್ಟ ಮಗುವಿನ ಮಾನ ಕಡಿಮೆಯಾಗುವುದಿಲ್ಲ. ನಿಮ್ಮ ಕಡೆಯಿಂದಲೂ ಒಂದು ಮಾತು ಕೊಡಿ: ಸೋಮವಾರ ತೆಗೆದುಕೊಂಡ ನೋಟ್‌ಬುಕ್ ಬುಧವಾರ ಮರಳಿ ಕೊಡುತ್ತೇನೆ ಎಂದು ಹೇಳಿ, ಹೇಳಿದಂತೆ ಕೊಡಿ. ಸ್ಟಾಫ್ ರೂಮಿನ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ನೋಟ್‌ಬುಕ್‌ಗಳನ್ನು ಮಕ್ಕಳು ಕಿಟಕಿಯಿಂದ ನೋಡುತ್ತಿರುತ್ತಾರೆ.

ಇಲ್ಲಿ ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಒಂದು ಸಂಗತಿಯನ್ನೂ ಹೇಳಬೇಕು. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25 ಮತ್ತು ಉಳಿದ ಐದು ವಿಷಯಗಳಿಗೆ ತಲಾ 20ರಂತೆ 125 ಅಂಕಗಳು ಆಂತರಿಕ ಮೌಲ್ಯಮಾಪನದವು. ವರ್ಷವಿಡೀ ಮಾಡಿದ ಕೆಲಸಕ್ಕೆ ಬೆಲೆ ಸಿಗಲೆಂದು ಇಟ್ಟ ಅಂಕಗಳು ಅವು. ದುಡಿದವನಿಗೂ ದುಡಿಯದವನಿಗೂ ಕಣ್ಣುಮುಚ್ಚಿ ಇಪ್ಪತ್ತಕ್ಕೆ ಇಪ್ಪತ್ತು ಹಾಕುವ ಶಾಲೆ, ಕೆಲಸ ಮಾಡಿದರೂ ಒಂದೇ ಬಿಟ್ಟರೂ ಒಂದೇ ಎಂಬ ಪಾಠವನ್ನು ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿಬಿಡುತ್ತದೆ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾ ಮೂಲಕ ನೇರ ನಿಗಾ, ಬಂದಿದೆ. ಆ ವರ್ಷ ಫಲಿತಾಂಶದಲ್ಲಿ ಶೇ 50.59ರೊಂದಿಗೆ ರಾಜ್ಯಕ್ಕೆ ಕೊನೆಯ ಸ್ಥಾನದಲ್ಲಿದ್ದುದು ನಿಮ್ಮ ಯಾದಗಿರಿ. 2025ರ ಮೊದಲ ಪರೀಕ್ಷೆಯಲ್ಲಿ (ಪರೀಕ್ಷೆ–1) ಶೇ 42.43ರೊಂದಿಗೆ ಕೊನೆಗೆ ನಿಂತುದು ಕಲಬುರಗಿ. ಇದಕ್ಕೆ ಬಡತನ, ಗುಳೆ, ಶಿಕ್ಷಕರ ಕೊರತೆ ಎಲ್ಲವೂ ಕಾರಣಗಳೇ ಹೌದು. ಆದರೆ ಅವುಗಳಲ್ಲಿ ನೀವೊಬ್ಬರೇ ಸರಿಪಡಿಸಬಹುದಾದದ್ದು ಯಾವುದೂ ಇಲ್ಲ. ನಾಳೆ ಬೆಳಿಗ್ಗೆ ಎರಡು ಲೆಕ್ಕ ಕೊಟ್ಟು ಎರಡನ್ನೂ ನೋಡುವುದು ಮಾತ್ರ ನಿಮ್ಮ ಕೈಯಲ್ಲಿದೆ. ದಯವಿಟ್ಟು ಕೈಬಿಡಬೇಡಿ.

ಪ್ರಶ್ನೆ: ನನ್ನ ಮಗ ಕಲಬುರಗಿಯ ಒಂದು ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾನೆ. ಬೆಳಿಗ್ಗೆ ಐದೂವರೆಗೆ ಒಂದು ಟ್ಯೂಷನ್, ಸಂಜೆ ಆರರಿಂದ ಒಂಬತ್ತರವರೆಗೆ ಇನ್ನೊಂದು. ತರಗತಿಯಲ್ಲಿ ನಿದ್ದೆ ಮಾಡುತ್ತಾನೆಂದು ಶಾಲೆಯಿಂದ ದೂರು ಬಂದಿದೆ. ‘ಶಾಲೆಯಲ್ಲಿ ಹೇಳುವುದೆಲ್ಲ ಟ್ಯೂಷನ್‌ನಲ್ಲಿ ಮುಗಿದಿದೆ’ ಎನ್ನುತ್ತಾನೆ. ಇಷ್ಟು ಕಷ್ಟಪಡುವ ಹುಡುಗನಿಗೆ ಶಾಲೆಯವರು ಸ್ವಲ್ಪ ರಿಯಾಯಿತಿ ತೋರಬಾರದೆ?

ಉತ್ತರ: ಹುಡುಗ ದಣಿಯುತ್ತಿದ್ದಾನೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದಣಿವೆಲ್ಲ ದುಡಿಮೆಯಲ್ಲ. ಬೆಳಿಗ್ಗೆ ಒಬ್ಬರು, ಹಗಲು ಒಬ್ಬರು, ಸಂಜೆ ಮತ್ತೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಕೂರುವ ಹುಡುಗ ತಾನೇ ಪೆನ್ನು ಹಿಡಿದು ಒಂದು ಪ್ರಶ್ನೆಯೊಂದಿಗೆ ಹೆಣಗಾಡುವುದು ಯಾವಾಗ? ನೀವು ಕೊಟ್ಟ ವೇಳಾಪಟ್ಟಿಯಲ್ಲಿ ಅಂಥ ಒಂದು ಗಂಟೆಯೂ ನನಗೆ ಕಾಣಲಿಲ್ಲ. ಹದಿಹರೆಯದ ಮಕ್ಕಳಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ನಿಮ್ಮ ಮಗನಿಗೆ ಆರು ಗಂಟೆಯೂ ಸಿಗುತ್ತಿರಲಾರದು.

ಎರಡರಲ್ಲಿ ಒಂದು ಟ್ಯೂಷನ್ ಬಿಡಿಸಿ ಎಂಬುದು ನನ್ನ ಸ್ಪಷ್ಟ ಸಲಹೆ. ಬೆಳಗಿನದನ್ನು ಬಿಡಿಸಿದರೆ ಹೆಚ್ಚು ಒಳ್ಳೆಯದು. ಉಳಿದ ಸಮಯದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಅವನು ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಪುಸ್ತಕ ಮುಚ್ಚಿ, ಅಂದು ಶಾಲೆಯಲ್ಲಿ ಕಲಿತದ್ದನ್ನು ನೆನಪಿನಿಂದ ಬರೆದು, ಆಮೇಲೆ ಪುಸ್ತಕ ತೆರೆದು ತಾನೇ ತಿದ್ದಿಕೊಳ್ಳಲಿ. ಮನೆಯಲ್ಲಿ ಟಿವಿ ಆ ಹೊತ್ತಿಗೆ ಬಂದ್ ಇರಲಿ. ಶಾಲೆಯಲ್ಲಿ ಹೇಳುವುದು ಮೊದಲೇ ಗೊತ್ತಿದೆಯೆಂದಾದರೆ ಪಾಠದ ನಡುವೆ ಶಿಕ್ಷಕರು ಕೇಳುವ ಪ್ರಶ್ನೆಗಳಿಗೆ ಅವನೇ ಮುಂದಾಗಿ ಉತ್ತರ ಹೇಳಲಿ; ಹೇಳಲು ಹೋದಾಗ ಎಷ್ಟು ಗೊತ್ತಿದೆ ಎಂಬುದು ಅವನಿಗೇ ತಿಳಿಯುತ್ತದೆ.

ರಿಯಾಯಿತಿಯ ಮಾತು ಬೇಡ. ಶಾಲೆಯ ಪಾಠ ಲೆಕ್ಕಕ್ಕಿಲ್ಲ ಎಂಬ ಭಾವನೆಗೆ ತಂದೆ-ತಾಯಿಯ ಸಮ್ಮತಿಯೂ ಸೇರಿದರೆ ಯಾವ ಶಿಕ್ಷಕರಿಂದಲೂ ಅವನು ಏನನ್ನೂ ಪಡೆಯಲಾರ. ಅಂಕಗಳ ಬಗ್ಗೆ ನಿಮಗಿರುವ ಭಯ ನನಗೆ ಅರ್ಥವಾಗುತ್ತದೆ. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ವ್ಯವಸ್ಥೆ ಇರುವುದರಿಂದ ಮೊದಲನೆಯದರಲ್ಲಿ ಒಂದು ವಿಷಯ ಕೈಕೊಟ್ಟರೆ ಸರಿಪಡಿಸಿಕೊಳ್ಳಲು ಅದೇ ವರ್ಷ ಅವಕಾಶವಿದೆ. ಆರೋಗ್ಯ ಕೈಕೊಟ್ಟರೆ ಅಷ್ಟು ಸುಲಭವಾಗಿ ಸರಿಹೋಗದು.

ಪ್ರಶ್ನೆ: ನಾನು ಹುಮನಾಬಾದಿನಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ವಿಜ್ಞಾನದ ಪ್ರಾಜೆಕ್ಟನ್ನು ನಾಲ್ಕು ಜನರ ಗುಂಪಿಗೆ ಕೊಡುತ್ತಾರೆ. ಬರೆಯುವುದು, ಚಿತ್ರ ತೆಗೆಯುವುದು, ಫೈಲ್ ಕಟ್ಟುವುದು ಎಲ್ಲ ನಾನೇ. ಅಂಕ ಎಲ್ಲರಿಗೂ ಸಮ. ಸರ್‌ಗೆ ಹೇಳಿದರೆ ಗೆಳತಿಯರು ಚಾಡಿಕೋರಳು ಅನ್ನುತ್ತಾರೆ. ಮುಂದೆ ನಾನೂ ಸುಮ್ಮನೆ ಕೂತರೆ ತಪ್ಪೆ?

ಉತ್ತರ: ತಂಗಿ, ನಿನ್ನ ಬೇಸರ ನ್ಯಾಯವಾದದ್ದೇ. ಆದರೂ ಸುಮ್ಮನೆ ಕೂರಬೇಡ. ಕೂತರೆ ನಷ್ಟ ನಿನ್ನದೇ. ಮುಂದಿನ ಪ್ರಾಜೆಕ್ಟ್ ಕೈಗೆ ಬಂದ ದಿನವೇ ನಾಲ್ವರೂ ಕೂತು ಒಂದು ಹಾಳೆಯಲ್ಲಿ ಯಾರು ಯಾವ ಭಾಗ ಮಾಡುತ್ತಾರೆ, ಯಾವ ದಿನ ಮುಗಿಸುತ್ತಾರೆ ಎಂದು ಹೆಸರು ಸಮೇತ ಬರೆಯಿರಿ. ಆ ಹಾಳೆಯನ್ನು ಫೈಲಿನ ಮೊದಲ ಪುಟವಾಗಿ ಸೇರಿಸಿರಿ. ಕೆಲಸ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿ ಬರೆದದ್ದನ್ನು ತೋರಿಸಿದರೆ ಅದು ಚಾಡಿ ಹೇಳಿದಂತಾಗುವುದಿಲ್ಲ. ಒಬ್ಬಳ ಭಾಗ ಉಳಿದರೆ ಖಾಲಿಯೇ ಇರಲಿ, ನೀನು ರಾತ್ರಿ ಕೂತು ತುಂಬಬೇಡ. ಇದು ನಿನಗೆ ಕಷ್ಟವಾದೀತು, ಏಕೆಂದರೆ ಅರೆಬರೆ ಫೈಲ್ ಒಪ್ಪಿಸಲು ನಿನ್ನಂಥವರ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ವಿಷಯ: ನಿನ್ನ ಗೆಳತಿಯರಲ್ಲಿ ಒಬ್ಬಳಾದರೂ ನಿನ್ನಷ್ಟು ಚೆನ್ನಾಗಿ ಬರುವುದಿಲ್ಲವೆಂದು ಹಿಂಜರಿಯುತ್ತಿರಬಹುದು. ಅವಳಿಗೆ ಚಿತ್ರದ ಭಾಗವನ್ನೋ ಅಳತೆ ತೆಗೆಯುವ ಭಾಗವನ್ನೋ ಪೂರ್ತಿ ಬಿಟ್ಟುಕೊಡು, ಗೆರೆ ಸ್ವಲ್ಪ ಓರೆಯಾದರೂ ತಿದ್ದಲು ಹೋಗಬೇಡ.

ಇದನ್ನು ಓದುವ ವಿಜ್ಞಾನ ಶಿಕ್ಷಕರಲ್ಲಿ ನನ್ನ ಕೋರಿಕೆ: ಫೈಲನ್ನು ನೋಡಿ ಅಂಕ ಹಾಕುವ ಮೊದಲು ಗುಂಪಿನ ಪ್ರತಿಯೊಬ್ಬರಿಗೂ ಎರಡೆರಡು ಪ್ರಶ್ನೆ ಬಾಯಲ್ಲಿ ಕೇಳಿರಿ. ಯಾರು ಮಾಡಿದ್ದಾರೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಬೀದರ್ ಜಿಲ್ಲೆಯ ಪ್ರೌಢಶಾಲೆಯೊಂದರ ಮುಖ್ಯಶಿಕ್ಷಕ ನಾನು. ಪ್ರಾರ್ಥನೆಗೆ ತಡವಾಗಿ ಬಂದವರನ್ನು ಗೇಟ್ ಹಾಕಿ ಹೊರಗೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಕೆಲವು ಪಾಲಕರು ಆಕ್ಷೇಪಿಸುತ್ತಿದ್ದಾರೆ. ಮುಂದುವರಿಸಬಹುದೆ?

ಉತ್ತರ: ಮುಂದುವರಿಸಬೇಡಿ. ಮೊದಲ ಪೀರಿಯಡ್ ತಪ್ಪಿದ ಮಗು ಅಂದಿನ ಪಾಠವನ್ನೂ ಕಳೆದುಕೊಳ್ಳುತ್ತದೆ. ಗೇಟಿನ ಹೊರಗೆ ನಿಂತ ಹೆಣ್ಣುಮಕ್ಕಳ ಸುರಕ್ಷತೆಯ ಹೊಣೆಯೂ ನಿಮ್ಮ ಮೇಲೆಯೇ ಬರುತ್ತದೆ. ತಡವಾಗಿ ಬಂದವರು ಒಳಗೆ ಬಂದು ರಿಜಿಸ್ಟರಿನಲ್ಲಿ ಹೆಸರು, ಸಮಯ, ಕಾರಣ ಬರೆದು ಸದ್ದಿಲ್ಲದೆ ತರಗತಿಗೆ ಹೋಗಲಿ. ತಿಂಗಳ ಕೊನೆಗೆ ಆ ರಿಜಿಸ್ಟರನ್ನು ನೀವೇ ಕೂತು ಓದಿ. ಒಂದೇ ಊರಿನ ಮಕ್ಕಳೆಲ್ಲ ಒಂದೇ ಹೊತ್ತಿಗೆ ಬರುತ್ತಿದ್ದರೆ ಬಸ್ಸಿನ ಸಮಯದ ಬಗ್ಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಡಿಪೋಗೆ ಪತ್ರ ಬರೆಯಬೇಕು. ತೊಗರಿ ರಾಶಿಯ ದಿನಗಳಲ್ಲಿ, ಅಂದರೆ ಡಿಸೆಂಬರ್–ಜನವರಿಯಲ್ಲಿ, ಕೆಲವರ ಹೆಸರು ಹೆಚ್ಚಾದರೆ ಅವರ ಮನೆಗೆ ಹೋಗಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕೆಂಬುದನ್ನು ಪಾಲಕರಿಗೆ ತಿಳಿಸಬೇಕು. ಯಾವ ಕಾರಣವೂ ಇಲ್ಲದೆ ಶಾಲೆಯ ಪಕ್ಕದ ಓಣಿಯಿಂದಲೇ ದಿನವೂ ತಡವಾಗಿ ಬರುವವರು ಆಮೇಲೆ ಬೆರಳೆಣಿಕೆಯಷ್ಟು ಉಳಿಯುತ್ತಾರೆ. ಅವರನ್ನು ಪ್ರಾರ್ಥನೆಯ ಧ್ವನಿವರ್ಧಕ ಜೋಡಿಸುವುದು, ದಿನಪತ್ರಿಕೆಯ ಸುದ್ದಿ ಓದುವುದು ಮುಂತಾದ, ಬೇಗ ಬಂದರೆ ಮಾತ್ರ ಆಗುವ ಕೆಲಸಗಳಿಗೆ ಹಚ್ಚಿರಿ. ಶಿಕ್ಷಕರು ಬರುವ ಸಮಯವೂ ಅದೇ ಗೇಟಿನಲ್ಲಿ ಮಕ್ಕಳ ಕಣ್ಣಿಗೆ ಬೀಳುತ್ತದೆಯಾದ್ದರಿಂದ, ಹೊಸ ಪದ್ಧತಿ ಆರಂಭಿಸುವ ಮೊದಲು ಸಿಬ್ಬಂದಿ ಸಭೆಯಲ್ಲಿ ಆ ವಿಷಯವನ್ನು ಮಾತಾಡಿಕೊಳ್ಳಿ.