ಹಸಿರುಮನೆಗೆ ಸಾಲ ಬೇಡ, ಅಕ್ಟೋಬರ್ ಮಳೆಗೆ ಮೊದಲು ಗುಂಡಿ ತೋಡಲಿ

ಕೀನ್ಯಾದ ನೈರೋಬಿಯಿಂದ ಬರೆದಿರುವ ಸದಸ್ಯರಿಗೆ ಈ ಉತ್ತರ. ನಿಮ್ಮ ಕಚೇರಿಯ ಇಪ್ಪತ್ತೇಳು ವರ್ಷದ ಕಂಬಾ ಸಮುದಾಯದ ಹುಡುಗ ಕೆಲಸ ಬಿಟ್ಟು, ಮಕ್ವೇನಿ ಸೀಮೆಯ ವೋಟೆ ಪಟ್ಟಣದ ಆಚೆ ಇರುವ ತಂದೆಯ ಮೂರು ಎಕರೆಗೆ ಮರಳುತ್ತಿದ್ದಾನೆ. ಮೆಕ್ಕೆಜೋಳ ಮೇಲಿಂದ ಮೇಲೆ ಕೈಕೊಟ್ಟಿದೆ. ಸಾಲ ಮಾಡಿ ಪ್ಲಾಸ್ಟಿಕ್ ಹಸಿರುಮನೆ ಕಟ್ಟಿ ಟೊಮೆಟೊ ಬೆಳೆಯುವ ಆಸೆ ಅವನಿಗೆ. ಒಣಭೂಮಿಯವರು ಏನು ಹೇಳುತ್ತೀರಿ ಎಂದು ಕೇಳಿದ್ದೀರಿ. ನಾನು ಬೀಜದ ಕೆಲಸದ ಮೇಲೆ ಅದರ ಪಕ್ಕದ ಮಚಾಕೋಸ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಈಗ ಚಳ್ಳಕೆರೆಯಲ್ಲಿ ಶೇಂಗಾ ಬೆಳೆಯುತ್ತೇನೆ. ಎರಡೂ ಕಡೆಯ ಬರ ಕಂಡವನಾಗಿ ಹೇಳುತ್ತೇನೆ: ಹಸಿರುಮನೆ ಬೇಡ. ಮೊದಲ ಎರಡು ವರ್ಷವಂತೂ ಬೇಡವೇ ಬೇಡ.

ಟೊಮೆಟೊಗೆ ದಿನವೂ ನೀರು ಬೇಕು. ಮಕ್ವೇನಿಯ ಹಳ್ಳಗಳು ವರ್ಷದ ಬಹುಪಾಲು ಬರಿಯ ಮರಳು. ನೀರು ಹೊಂದಿಸಿದರೂ ಮಣ್ಣಿನಲ್ಲೇ ಉಳಿಯುವ ದುಂಡಾಣು ಸೊರಗು ರೋಗ ಕಾದಿರುತ್ತದೆ. ಬಯಲಿನಲ್ಲಾದರೆ ಬೆಳೆ ಬದಲಿಸಿ ಪಾರಾಗಬಹುದು. ಹಸಿರುಮನೆಯನ್ನು ಹೊತ್ತುಕೊಂಡು ಹೋಗಿ ಬೇರೆ ಮಣ್ಣಿನ ಮೇಲೆ ಇಡಲಾಗುವುದಿಲ್ಲ, ಸಾಲದ ಕಂತು ಬೇರೆ ಬೆಳೆಯನ್ನು ಹಾಕಗೊಡುವುದಿಲ್ಲ. ನಾನಿದ್ದ ಊರಿನ ದಾರಿಯಲ್ಲೇ ಹರಿದ ಪ್ಲಾಸ್ಟಿಕ್ಕಿನ ಇಂಥ ಮೂರು ಮನೆಗಳಿದ್ದವು. ಒಂದರಲ್ಲಿ ಮೇಕೆ ಕಟ್ಟುತ್ತಿದ್ದರು. ಮೇಕೆಗಳು ಸುಖವಾಗಿದ್ದವು ಎನ್ನಿ.

ಇನ್ನು ಮಳೆಯ ಲೆಕ್ಕ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ದೀರ್ಘ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಪ ಮಳೆ. ಹೆಸರು ನೋಡಿ ಮೋಸಹೋಗಬಾರದು. ಉಕಂಬಾನಿ ಸೀಮೆಯಲ್ಲಿ, ಅಂದರೆ ಮಚಾಕೋಸ್, ಮಕ್ವೇನಿ, ಕಿಟುಯಿಗಳಲ್ಲಿ, ನಂಬಬಹುದಾದದ್ದು ಅಲ್ಪ ಮಳೆಯೇ. ನಮ್ಮ ಹಿಂಗಾರಿನ ಕಾಲಕ್ಕೆ ಬರುವ ಆ ಮಳೆಯ ಮೇಲೆ ಮನೆಯ ಕಾಳು ನಿಂತಿದೆ. 2020ರ ಕೊನೆಯಿಂದ 2022ರ ಕೊನೆಯವರೆಗೆ ಸಾಲಾಗಿ ಐದು ಮಳೆಗಾಲಗಳು ಸೋತವು. ಬೆನ್ನಿಗೇ 2023ರ ನವೆಂಬರ್‌ನಲ್ಲಿ ನೆರೆ, 2024ರ ಏಪ್ರಿಲ್‌ನಲ್ಲಿ ಮತ್ತೆ ನೆರೆ. ಆ ಹುಡುಗ ಇಂಥ ಎರಡು ಅತಿಗಳ ನಡುವೆ ಬೇಸಾಯ ಮಾಡಬೇಕು. ಬಂದ ಮಳೆ ಎರಡು ತಾಸು ಸುರಿದು ಇಳಿಜಾರಿನಲ್ಲಿ ಮಣ್ಣನ್ನೂ ಎಳೆದುಕೊಂಡು ಅಥಿ ನದಿಯ ಕಡೆಗೆ ಓಡುತ್ತದೆ. ಓಡುವ ಆ ನೀರನ್ನು ಹೊಲದಲ್ಲೇ ನಿಲ್ಲಿಸುವುದು ಮೊದಲ ಕೆಲಸ, ಅದಕ್ಕೆ ಬೇಕಾಗಿರುವುದು ಹಣವಲ್ಲ, ರಟ್ಟೆ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗಿರುತ್ತದೆ. ಆಗ ಗುಂಡಿ ತೋಡಲಿ. ಇದರ ಮೂಲ ಬುರ್ಕಿನಾ ಫಾಸೊದ ‘ಝಾಯ್’ ಗುಂಡಿ. ಅಲ್ಲಿನ ಯಾಕೂಬಾ ಸವಾಡೊಗೊ ಎಂಬ ರೈತ 1980ರ ಸುಮಾರಿಗೆ ಬರದ ನಡುವೆ ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಗೆದ್ದಲನ್ನೂ ಕೂಲಿಗೆ ಹಚ್ಚಿದ. ಗೊಬ್ಬರಕ್ಕೆ ಬಂದ ಗೆದ್ದಲು ನೆಲವನ್ನು ತೂತು ಮಾಡಿ ನೀರಿಗೆ ದಾರಿ ಬಿಡುತ್ತದೆ. ನೆರೆಯವರು ಹುಚ್ಚ ಎಂದಿದ್ದರು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡ.

ಅವನ ಗುಂಡಿಗಳು ಒಂದು ಗೇಣಿನಿಂದ ಒಂದಡಿ ಅಗಲದವು, ಸಜ್ಜೆ ಜೋಳಗಳಿಗೆ ಸಾಕು. ಕೀನ್ಯಾದವರು ಮೆಕ್ಕೆಜೋಳಕ್ಕಾಗಿ ದೊಡ್ಡದು ಮಾಡಿಕೊಂಡಿದ್ದಾರೆ: ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇಳಿಜಾರಿನ ಕೆಳಬದಿಗೆ ಹಾಕಬೇಕು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮೇಲೆ ಅರ್ಧ ಅಡಿ ಖಾಲಿ ಬಿಡಬೇಕು. ನೀರು ನಿಲ್ಲುವುದು ಆ ಖಾಲಿಯಲ್ಲಿ. ಒಣ ಸೀಮೆಯಲ್ಲಿ ಗುಂಡಿಗೆ ಐದು ಕಾಳು, ಮಳೆ ಹೆಚ್ಚಿರುವಲ್ಲಿ ಒಂಬತ್ತು. ವೋಟೆಗೆ ಐದೇ.

ಇಲ್ಲಿ ಉತ್ಸಾಹಕ್ಕೆ ಕಡಿವಾಣ ಬೇಕು. ಕಾಲು ಎಕರೆಗೆ ಸುಮಾರು 550 ಗುಂಡಿ ಹಿಡಿಯುತ್ತವೆ. ಗಟ್ಟಿ ನೆಲದಲ್ಲಿ ಒಬ್ಬ ಆಳು ದಿನಕ್ಕೆ ಹತ್ತು ತೋಡಿದರೆ ದೊಡ್ಡದು. ನನ್ನ ಕೈಯಲ್ಲಿ ಆರು ಆಗಿ ಅಂಗೈ ಬೊಬ್ಬೆ ಎದ್ದಿತ್ತು. ಅಂದರೆ 55 ಆಳಿನ ಕೆಲಸ. ಗೊಬ್ಬರವೂ ಗುಂಡಿಗೆ ಒಂದು ಬಕೆಟ್ ಬೇಕು, ಎರಡು ಹಸುವಿನ ಮನೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಆದ್ದರಿಂದ ಮೊದಲ ವರ್ಷ 150 ಗುಂಡಿ ಸಾಕು. ಅವು ಮುಂದಿನ ಮಳೆಗಾಲಗಳಿಗೂ ಬರುತ್ತವೆ, ವರ್ಷವರ್ಷವೂ ಸೇರಿಸುತ್ತಾ ಹೋಗಲಿ. ಒಬ್ಬನೇ ತೋಡುವುದೂ ಬೇಡ. ಕಂಬಾ ಜನರಲ್ಲಿ ‘ಮ್ವೆಥ್ಯ’ ಎಂಬ ಪದ್ಧತಿ ಇದೆ, ನಮ್ಮ ಮುಯ್ಯಾಳಿನ ಹಾಗೆಯೇ. ಇವತ್ತು ನಿನ್ನ ಹೊಲ, ನಾಳೆ ನನ್ನದು. ಊರಿನಲ್ಲಿ ‘ಬೋಡಾ ಬೋಡಾ’ ಎಂಬ ಬಾಡಿಗೆ ಬೈಕ್ ಓಡಿಸುವ ಗೆಳೆಯರು ಖಂಡಿತ ಇರುತ್ತಾರೆ. ಹತ್ತು ಜನ ಸೇರಿದರೆ 150 ಗುಂಡಿಗೆ ಒಂದೂವರೆ ದಿನ.

ಉಳಿದ ಇಳಿಜಾರಿಗೆ ‘ಫಾನ್ಯಾ ಜೂ’. ಸ್ವಾಹಿಲಿಯಲ್ಲಿ ಮೇಲಕ್ಕೆ ಎಸೆ ಎಂದರ್ಥ. ಸಮಪಾತಳಿಯ ಗೆರೆಯಲ್ಲಿ ಎರಡಡಿ ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆಯುತ್ತಾರೆ. ನಾವು ಬದುವಿಗೆ ಕೆಳಗೆ ಹಾಕುತ್ತೇವೆ, ಅವರದು ಉಲ್ಟಾ. ಬದುವಿನ ಮೇಲೆ ನೇಪಿಯರ್ ಹುಲ್ಲು ನೆಟ್ಟರೆ ಕೆಲವು ವರ್ಷಗಳಲ್ಲಿ ಇಳಿಜಾರು ತಾನೇ ಮೆಟ್ಟಿಲಾಗುತ್ತದೆ. ತಂದೆಯ ಹೊಲದಲ್ಲಿ ಹಳೆಯ ಬದುಗಳು ಇರುವ ಸಾಧ್ಯತೆ ಹೆಚ್ಚು. ಬ್ರಿಟಿಷರ ಕಾಲದಲ್ಲಿ ಬಲವಂತದಿಂದ ಬದು ಹಾಕಿಸಿ ಜನರ ಶಾಪ ಕಟ್ಟಿಕೊಂಡಿದ್ದರು; ಸ್ವಾತಂತ್ರ್ಯದ ನಂತರ ಅದೇ ಜನ ತಾವಾಗಿ ಮ್ವೆಥ್ಯ ಸೇರಿ ಮಚಾಕೋಸ್ ಬೆಟ್ಟಗಳನ್ನೆಲ್ಲ ಮೆಟ್ಟಿಲು ಮಾಡಿದರು. ಒಡೆದ ಬದುಗಳನ್ನು ಕಟ್ಟಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಳೆಯ ವಿಷಯ. ಮೆಕ್ಕೆಜೋಳ ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ, ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ, ಇಲ್ಲದ ಊಟ ಆ ಮನೆಯಲ್ಲಿ ಊಟವಲ್ಲ. ಗುಂಡಿಗಳಿಗೆ ಮಾತ್ರ ಮೆಕ್ಕೆಜೋಳ ಇರಲಿ, ಅದೂ ಕಟುಮಾನಿ ತಳಿ. ಮಚಾಕೋಸ್ ಹತ್ತಿರದ ಕಟುಮಾನಿ ಸಂಶೋಧನಾ ಕೇಂದ್ರ ಒಣ ಸೀಮೆಗೆಂದೇ ತಯಾರಿಸಿದ ಅಲ್ಪಾವಧಿ ತಳಿ ಅದು, ಸಂಕರ ಅಲ್ಲದ್ದರಿಂದ ಬೀಜ ಉಳಿಸಿಕೊಳ್ಳಬಹುದು. ಉಳಿದ ಹೊಲಕ್ಕೆ ಹೆಸರು, ಅಲಸಂದೆ, ತೊಗರಿ. ಹೆಸರು ಎರಡು ತಿಂಗಳು ಚಿಲ್ಲರೆ ದಿನಗಳಲ್ಲಿ ಕೈಗೆ ಬರುತ್ತದೆ, ಮಳೆ ಬೇಗ ನಿಂತರೂ ಸೋಲುವುದು ಕಡಿಮೆ. ಅಲಸಂದೆಯ ಎಲೆಯೇ ಅಲ್ಲಿ ಪಲ್ಯ.

ತೊಗರಿಯ ಬಗ್ಗೆ ಒಂದು ಮಾತು ಹೆಚ್ಚು. ಅಲ್ಲಿನ ದೀರ್ಘಾವಧಿ ತೊಗರಿ ಅಕ್ಟೋಬರ್‌ನಲ್ಲಿ ಬಿತ್ತಿದರೆ ಎರಡೂ ಮಳೆ ಉಂಡು ಮರುವರ್ಷ ಆಗಸ್ಟ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಲಬುರಗಿಯ ತೊಗರಿ ಬರುವುದು ಡಿಸೆಂಬರ್ ಮೇಲೆ. ಹಾಗಾಗಿ ಪೂರ್ವ ಆಫ್ರಿಕಾದ ಕಾಳಿಗೆ ಭಾರತದಲ್ಲಿ ಒಂದು ಕಿಂಡಿ ಇದೆ. ಆದರೆ ಕಿಂಡಿಯ ಬಾಗಿಲು ದೆಹಲಿಯ ಕೈಯಲ್ಲಿದೆ. 2017ರ ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದಿಗೆ ಮಿತಿ ಹಾಕಿದಾಗ ಮೊಜಾಂಬಿಕ್, ತಾಂಜಾನಿಯಾಗಳ ರೈತರ ಬೆಲೆ ಮುಗ್ಗರಿಸಿತು. ಕಲಬುರಗಿಯಲ್ಲಿ ಚೆನ್ನಾಗಿ ಬೆಳೆದ ವರ್ಷ ಅಲ್ಲಿ ಯಾರೋ ಅಳುತ್ತಾರೆ. ಮನೆಗೆ ಬೇಕಾದಷ್ಟು, ಮೇಲೊಂದಿಷ್ಟು ಮಾರಾಟಕ್ಕೆ ಹಾಕಲಿ. ಮೂರೂ ಎಕರೆ ತೊಗರಿ ಬೇಡ.

ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳು ನಮಗೆ ಹೊಸ ಪರಿಚಯವಲ್ಲ. 2016ರಲ್ಲಿ ಪಶ್ಚಿಮ ಆಫ್ರಿಕಾ, 2017ರಲ್ಲಿ ಕೀನ್ಯಾ, 2018ರಲ್ಲಿ ನಮ್ಮ ಕರ್ನಾಟಕ. ಮೊದಲ ಮಳೆಗೇ ಬಿತ್ತುವುದು, ಸುಳಿಯನ್ನು ವಾರಕ್ಕೆರಡು ಬಾರಿ ನೋಡಿ ಮೊಟ್ಟೆ ಹಿಚುಕುವುದು, ಇಷ್ಟು ಸಾಕು 150 ಗುಂಡಿಗೆ. ಸಾಲಿನ ನಡುವೆ ಕೀಟವನ್ನು ದೂರ ತಳ್ಳುವ ಡೆಸ್ಮೋಡಿಯಂ ಬಳ್ಳಿ, ಸುತ್ತ ಅದನ್ನು ಸೆಳೆಯುವ ಬ್ರಾಕಿಯೇರಿಯಾ ಹುಲ್ಲು ಹಾಕುವ ‘ತಳ್ಳು-ಸೆಳೆ’ ವಿಧಾನ ಒಳ್ಳೆಯದೇ, ಮೇಕೆಗೆ ಮೇವೂ ಆಗುತ್ತದೆ. ಆದರೆ ಒಣ ಸೀಮೆಯಲ್ಲಿ ಡೆಸ್ಮೋಡಿಯಂ ಬೇರು ಹಿಡಿಯುವುದೇ ಕಷ್ಟ. ಎರಡನೇ ವರ್ಷ ನೋಡೋಣ.

ಒಂದನ್ನು ಮಾತ್ರ ಮೊದಲ ಸುಗ್ಗಿಯಿಂದಲೇ ಕಟ್ಟುನಿಟ್ಟಾಗಿ ಮಾಡಲಿ: ಕಾಳನ್ನು ನೆಲದ ಮೇಲೆ ಒಣಗಿಸಬಾರದು. 2004ರಲ್ಲಿ ಮಕ್ವೇನಿ, ಕಿಟುಯಿ ಸುತ್ತಮುತ್ತ ಬೂಸಲು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷದಿಂದ 317 ಜನ ಕಾಯಿಲೆ ಬಿದ್ದು 125 ಜನ ಸತ್ತರು. ಟಾರ್ಪಾಲಿನ್ ಮೇಲೆ ಒಣಗಿಸಿ, ಹಲ್ಲಿಗೆ ಕಟಕ್ ಎನ್ನುವವರೆಗೆ ಕಾದು, ಗಾಳಿಯಾಡದ ಮೂರು ಪದರದ ಚೀಲದಲ್ಲಿ ಕಟ್ಟಿಡಲಿ. ಹಣ ಖರ್ಚು ಮಾಡುವುದಿದ್ದರೆ ಈ ಟಾರ್ಪಾಲಿನ್ ಮತ್ತು ಚೀಲಕ್ಕೆ ಮಾಡಲಿ.

ಗಡಿಯಲ್ಲಿ ಮುಕಾವು ಸಸಿ ನೆಡಲಿ. ನಮ್ಮ ಹೆಬ್ಬೇವಿನ ನೆಂಟ ಅದು, ಗೆದ್ದಲು ಮುಟ್ಟದ ಮರ, ಬರಕ್ಕೆ ಬಗ್ಗುವುದಿಲ್ಲ. ಆದರೆ ನೆಡುವ ಮೊದಲು ತಂದೆಯ ಜೊತೆ ಮಾತಾಡಬೇಕು. ಜಮೀನಿನಲ್ಲಿ ಮರ ನೆಡುವುದು ಅಲ್ಲಿಯೂ ಹಕ್ಕು ಸಾಧಿಸಿದಂತೆ ಕಾಣುತ್ತದೆ. ಅಣ್ಣತಮ್ಮಂದಿರಿದ್ದರೆ ಯಾವ ಭಾಗ ತನ್ನದು ಎಂದು ಮೊದಲೇ ಕೇಳಿಕೊಳ್ಳಲಿ. ಗುಂಡಿ ತೋಡಿ ಹದ ಮಾಡಿದ ಮೇಲೆ ಆ ತುಂಡಿನ ಮೇಲೆ ಎಲ್ಲರಿಗೂ ಪ್ರೀತಿ ಹುಟ್ಟುತ್ತದೆ.

ಸೆಪ್ಟೆಂಬರ್ ಹೊತ್ತಿಗೆ ಕೀನ್ಯಾ ಹವಾಮಾನ ಇಲಾಖೆಯ ಅಲ್ಪ ಮಳೆಯ ಮುನ್ಸೂಚನೆ ಸಿಗುತ್ತದೆ. ಅಲ್ಲಿ ಅಲ್ಪ ಮಳೆಯನ್ನು ಕುಗ್ಗಿಸುವ ಲಾ ನಿನಾ ಎಂದರೆ ಮೆಕ್ಕೆಜೋಳ ಇನ್ನೂ ಕಡಿಮೆ, ಹೆಸರು ಹೆಚ್ಚು. ಅದನ್ನು ಹೆಚ್ಚಿಸುವ ಎಲ್ ನಿನೋ ಎಂದರೆ, ಅಥವಾ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿದೆ ಎಂದರೆ, ಬದುಗಳಿಗೆ ಹೆಚ್ಚುವರಿ ನೀರು ಹೋಗುವ ಕೋಡಿ ಬಿಡಲಿ, ಇಲ್ಲದಿದ್ದರೆ ಒಂದೇ ರಾತ್ರಿ ಎಲ್ಲ ಒಡೆಯುತ್ತವೆ.

ಹೊಲದ ಹತ್ತಿರ ಮರಳು ತುಂಬಿದ ಹಳ್ಳ ಇದೆಯೇ, ತಳದಲ್ಲಿ ಬಂಡೆ ಸಿಗುತ್ತದೆಯೇ ಎಂದು ಅವನನ್ನು ಕೇಳಿ ತಿಳಿಸಿ. ಇದ್ದರೆ ಹಳ್ಳದ ಮರಳಿನೊಳಗೆ ನೀರು ಹಿಡಿದಿಡುವ ಮರಳು ಅಣೆಕಟ್ಟೆಯ ಬಗ್ಗೆ ಬೇರೆಯೇ ಬರೆಯುತ್ತೇನೆ. ಜೊತೆಗೆ ಎರಡಡಿ ಆಳದ ಮಣ್ಣಿನ ಒಂದು ಚಿತ್ರವನ್ನೂ ಕಳುಹಿಸಲಿ, ಮೊದಲ ಗುಂಡಿಯದ್ದೇ ಆದರೆ ಇನ್ನೂ ಒಳ್ಳೆಯದು.