ನೋವಿಲ್ಲ ಅಲ್ವಾ, ಮತ್ತೆಂತ?

ಕೇರಳದಲ್ಲಿ ಆರೋಗ್ಯ ವ್ಯವಸ್ಥೆ ಅಷ್ಟು ಚೆನ್ನಾಗಿದೆಯಂತಲ್ಲ, ಆದರೂ ಕಾಸರಗೋಡಿನ ಹೆಂಗಸರು ಎದೆಯ ಕ್ಯಾನ್ಸರ್‌ಗೆ ಮಂಗಳೂರಿಗೆ ಯಾಕೆ ಓಡುತ್ತಾರೆ ಎಂದು ಕೇಳಿದಿರಿ. ಹತ್ತಿರ ಅಂತ ಹೇಳಿ ಮುಗಿಸಬಹುದು. ಸುಳ್ಳೂ ಅಲ್ಲ, ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಆದರೆ ದಾರಿಯ ಲೆಕ್ಕಕ್ಕೆ ಮುಗಿಯುವ ವಿಷಯ ಅಲ್ಲ ಇದು.

ಇಲ್ಲೇ ಕಾಸರಗೋಡಿನ ಕಡೆಯ ನನ್ನ ಚಿಕ್ಕಮ್ಮ ಬೀಡಿ ಕಟ್ಟುವವರು. ಸ್ನಾನ ಮಾಡುವಾಗ ಬಲ ಎದೆಯಲ್ಲಿ ಕಡಲೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ಏಳು ತಿಂಗಳು ಕಳೆದು ಅಮ್ಮನ ಹತ್ತಿರ ಬಾಯಿ ಬಿಟ್ಟಾಗ ಅದು ನೆಲ್ಲಿಕಾಯಿಯಷ್ಟಾಗಿತ್ತು. ಆಗಲೂ ಅವರದ್ದು ಒಂದೇ ಮಾತು: "ನೋವಿಲ್ಲ ಅಲ್ವಾ, ಮತ್ತೆಂತ?" ಮೋಸ ಇರುವುದೇ ಅಲ್ಲಿ. ಈ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋಯದ ಗಂಟಿಗೆ ಒಂದು ದಿನದ ಕೂಲಿ ಬಿಟ್ಟು ಯಾರು ಆಸ್ಪತ್ರೆಗೆ ಹೋಗುತ್ತಾರೆ?

ಆ ಏಳು ತಿಂಗಳ ನಡುವೆ ಆಶಾ ಕಾರ್ಯಕರ್ತೆ ಮನೆಗೇ ಬಂದಿದ್ದರು, ಗೊತ್ತಾ? ಕೇರಳದಲ್ಲಿ 30 ದಾಟಿದವರನ್ನೆಲ್ಲ ಅವರು ಮನೆಮನೆಗೆ ಹೋಗಿ ವಿಚಾರಿಸುತ್ತಾರೆ. ಫೋನಿನಲ್ಲಿ 'ಶೈಲಿ' ಅಂತ ಒಂದು ಆ್ಯಪ್. ಶುಗರ್ ಇದೆಯಾ, ಬಿಪಿ ಇದೆಯಾ, ಎದೆಯಲ್ಲಿ ಗಂಟು ಇದೆಯಾ. ಕೇಳಿದ್ದು ಮಲಯಾಳದಲ್ಲಿ. ಚಿಕ್ಕಮ್ಮನ ಮಲಯಾಳ ಮೀನು ಚೌಕಾಸಿಗೆ, ಬಸ್ಸಿಗೆ ಸಾಕು. ಆ ಭಾಷೆಯಲ್ಲಿ 'ಮುಲ' ಅಂದರೆ ಮೊಲೆ, 'ಮುಳ' ಅಂದರೆ ಬಿದಿರು, ಗಂಟಿಗೆ 'ಮುೞ'. ಕೊನೆಯದರಲ್ಲಿ ಇರುವುದು ನಾವು ಹಳೆಗನ್ನಡದಲ್ಲೇ ಬಿಟ್ಟುಬಂದ ಆ ಅಕ್ಷರ. ಕನ್ನಡ, ತುಳು ಮಾತಾಡುವ ನಮ್ಮ ಕಿವಿಗೆ ಎಲ್ಲ ಒಂದೇ. ಸಾಲದ್ದಕ್ಕೆ ಚಾವಡಿಯಲ್ಲಿ ಮಾವ ಪೇಪರ್ ಓದುತ್ತಾ ಕೂತಿದ್ದರು. ಚಿಕ್ಕಮ್ಮ ತಲೆ ಅಲ್ಲಾಡಿಸಿದರು. ಆಶಾ 'ಇಲ್ಲ' ಒತ್ತಿ ಮುಂದಿನ ಮನೆಗೆ ಹೋದರು. ಅವರದ್ದೇನೂ ತಪ್ಪಿಲ್ಲ.

2025ರ ಫೆಬ್ರವರಿ 4ರಂದು ಇಲ್ಲಿ ದೊಡ್ಡ ಅಭಿಯಾನವೇ ಶುರುವಾಯಿತು, ಹೆಂಗಸರ ಕ್ಯಾನ್ಸರ್ ತಪಾಸಣೆಗೆ. ಹೆಸರು 'ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ'. 'ಅಕಟ್ಟಾಂ' ಅಂದರೆ ದೂರ ಇಡೋಣ ಅಂತ. ಕನ್ನಡದ ಬಾಯಲ್ಲಿ ಅದು "ಅಕಟಾ!" ಆಗಿ, ಯಾರೋ ಗೋಳಾಡಿದ ಹಾಗೆ ಕೇಳುತ್ತದೆ. ನಗು ಬಂತು, ಹೌದು. ಆದರೆ ಕೆಲಸ ಒಳ್ಳೆಯದೇ.

ಯಾಕೆಂದರೆ ಈ ತಪಾಸಣೆಗೆ ದೊಡ್ಡ ಮೆಷಿನ್ನೇ ಬೇಕು ಅಂತ ಇಲ್ಲ. 2006ರಲ್ಲಿ ತಿರುವನಂತಪುರದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಹೆಂಗಸರ ಮೇಲೆ ಅಧ್ಯಯನ ಶುರುವಾಯಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎದೆಯನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದ ಕಡೆ, ಪತ್ತೆಯಾದ ಕ್ಯಾನ್ಸರ್‌ಗಳಲ್ಲಿ ಮೊದಲ ಹಂತದ್ದರ ಪಾಲು ಜಾಸ್ತಿ ಇತ್ತು. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿದರು. 2021ರಲ್ಲಿ ಫಲಿತಾಂಶ ಬಂತು. ಹೀಗೆ ಕೈಯಿಂದ ಪರೀಕ್ಷಿಸಿದವರ ಪೈಕಿ 50 ದಾಟಿದವರಲ್ಲಿ ಎದೆಯ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಕಡಿಮೆ. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಇಷ್ಟು ಕೆಲಸ ಮಾಡಿದ್ದು ಬರೀ ಎರಡು ಕೈ. ಆದರೆ ಆ ಕೈಗೆ ರವಿಕೆಯ ಗುಂಡಿ ಬಿಚ್ಚಬೇಕಾದರೆ ಮೊದಲು ನಾಲ್ಕು ಮಾತು ನಮ್ಮದರಲ್ಲಿ ಬೇಕು. ಕನ್ನಡವೋ, ತುಳುವೋ, ಯಾವುದಾದರೂ.

ಮಂಗಳೂರಿಗೆ ಓಡುವುದೂ ಅದಕ್ಕೇ. ಅಲ್ಲಿ ನರ್ಸ್ ತುಳುವಿನಲ್ಲಿ ಬೈದರೂ ಅರ್ಥವಾಗುತ್ತದೆ! ದುಡ್ಡಿನ ವಿಷಯಕ್ಕೆ ಬಂದರೆ ಮಾತ್ರ ಕಥೆ ತಿರುಗುತ್ತದೆ. ಕೇರಳದ ಕಾರುಣ್ಯ ಯೋಜನೆಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ, ಆದರೆ ಆ ಕಾರ್ಡ್ ಗಡಿಯಾಚೆ ಕಂಡಲ್ಲೆಲ್ಲ ನಡೆಯುವುದಿಲ್ಲ. ಕರ್ನಾಟಕದ ಯೋಜನೆಗೆ ಅಲ್ಲಿಯ ರೇಷನ್ ಕಾರ್ಡ್ ಬೇಕು, ನಮ್ಮದು ಇಲ್ಲಿಯದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಂಗಳೂರಿನಲ್ಲಿ, ಕೀಮೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ. ಇನ್ನು ಕೆಲವರು ರಾತ್ರಿಯ ಮಾವೇಲಿ ರೈಲು ಹತ್ತಿ ತಿರುವನಂತಪುರಕ್ಕೆ ಹೋಗುತ್ತಾರೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ಫಾರ್ಮ್ ಬರೆಸಿಕೊಳ್ಳಬೇಕು ಅಷ್ಟೇ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದರು. ದಿನವೂ ಮಂಗಳೂರಿಗೆ ಹೋಗಿಬರುತ್ತಿದ್ದವರಿಗೆ ಆವತ್ತೇ ಗೊತ್ತಾದದ್ದು, ನಾವು ಬೇರೆ ರಾಜ್ಯದವರು ಅಂತ.

ಚಿಕ್ಕಮ್ಮನ ಚಿಕಿತ್ಸೆ ಗಡಿಯ ಈಚೆಯೇ ಆಯಿತು. ಡಾಕ್ಟರ್ ಒಳ್ಳೆಯವರು, ಪ್ರತಿ ಸಲ "ಕುೞಪ್ಪಮಿಲ್ಲ" ಅನ್ನುತ್ತಿದ್ದರು. ತೊಂದರೆ ಇಲ್ಲ ಅಂತ ಅರ್ಥ. ಆ ಒಂದು ಶಬ್ದ ಕೇಳಿಕೊಂಡು ಇವರು ಆರು ಕೀಮೋ ಮುಗಿಸಿದರು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕೈ ಊದಿಕೊಳ್ಳಬಹುದು, ಭಾರ ಎತ್ತುವಾಗ ಜಾಗ್ರತೆ ಬೇಕು, ವ್ಯಾಯಾಮ ಬಿಡಬಾರದು ಅಂತಲೂ ಹೇಳಿದ್ದರಂತೆ. ಅದು ಇವರ ತಲೆಗೆ ಹೋಗಲೇ ಇಲ್ಲ. ಮನೆಗೆ ಬಂದು ಮೂರನೇ ವಾರಕ್ಕೆ ಬಾವಿಯಿಂದ ನೀರು ಸೇದಿದರು, ಮೊರ ತೊಡೆಯ ಮೇಲಿಟ್ಟು ಬೀಡಿಗೆ ಕೂತರು. ಬಲಗೈ ಬಾಳೆದಿಂಡಿನ ಹಾಗೆ ಆಯಿತು. ಬಳೆ ಕತ್ತರಿಸಿ ತೆಗೆಯಬೇಕಾಯಿತು.

ಕೊನೆಗೆ ಅದನ್ನು ಸರಿಮಾಡಿದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯವರು. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿದೆ, ನರ್ಸ್ ಮನೆಗೇ ಬರುತ್ತಾರೆ. ನಮ್ಮ ಪುಣ್ಯಕ್ಕೆ ಬಂದವರು ತುಳು ಮಾತಾಡುವವರು. ಗೋಡೆಗೆ ಬೆರಳು ಊರಿ ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹೋಗುವ ವ್ಯಾಯಾಮ ಕಲಿಸಿದರು. ಚಾವಡಿಯ ಗೋಡೆಯಲ್ಲಿ ಚಿಕ್ಕಮ್ಮ ಸೀಮೆಸುಣ್ಣದಿಂದ ಹಾಕಿದ ಗೆರೆಗಳು ಈಗಲೂ ಇವೆ, ದಿನಕ್ಕೊಂದು, ಒಂದರ ಮೇಲೊಂದು.

ಈಗ ಆಶಾ ಬಂದರೆ ಅಕ್ಕಪಕ್ಕದ ಮನೆಗಳಿಗೆ ಚಿಕ್ಕಮ್ಮನೂ ಜೊತೆಗೆ ಹೋಗುತ್ತಾರೆ. ಮೊದಲ ಕೆಲಸ, ಚಾವಡಿಯಲ್ಲಿ ಕೂತ ಗಂಡಸರನ್ನು ಏನಾದರೂ ನೆಪ ಹೇಳಿ ತೋಟಕ್ಕೆ ಅಟ್ಟುವುದು. ಆಮೇಲೆ ಪ್ರಶ್ನೆ.